ಪಹಣಿಯ ಮೇಲಿನ ಕೆಂಪು

ಮಧುಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎದುರಿಗೇ ಬಿತ್ತನೆ ಬೀಜ ಕೊಡುವ ಗೋದಾಮು. ಮುಂಗಾರಿನ ಮೊದಲ ಮಳೆ ಬಿತ್ತೆಂದರೆ ಸುತ್ತಲಿನ ಹಳ್ಳಿಗಳ ಜನ ಕಡಲೆಕಾಯಿ ಬೀಜಕ್ಕೆ ಬಂದು ಸಾಲು ನಿಲ್ಲುತ್ತಾರೆ. ಪಹಣಿ, ಆಧಾರ್ ಎರಡರ ಜೆರಾಕ್ಸೂ ಬೇಕು, ಎರಡೂ ನನ್ನಲ್ಲೇ ಆಗಬೇಕು. ಆ ಹದಿನೈದು ಇಪ್ಪತ್ತು ದಿನ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಅಂಥ ದಿನಗಳಲ್ಲಿ ಬಂದು ಹೋದವರ ಮುಖ ನೆನಪಿದೆಯಾ ಎಂದು ಯಾರಾದರೂ ಕೇಳಿದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಅದನ್ನೇ ಕೇಳಿಕೊಂಡು ಒಬ್ಬಳು ಬಂದಳು. ಬೀಜದ ಗಲಾಟೆ ಮುಗಿದು ಮೂರು ವಾರವಾಗಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೂವತ್ತೈದರ ಆಸುಪಾಸಿನ ಹೆಂಗಸು, ಕೈಯಲ್ಲೊಂದು ಬಟ್ಟೆ ಚೀಲ. ಮೆಟ್ಟಿಲ ಕೆಳಗೇ ನಿಂತು ಹೇಳಿದಳು:

“ಅಕ್ಕಾ, ಆವತ್ತು ಇಲ್ಲಿ ಒಬ್ಬರ್ನ ಹಿಡ್ಕೊಂಡು ಹೊಡುದ್ರಲ್ಲ, ನಾನು ಅವ್ರ ಹೆಂಡ್ತಿ.”

ಆ ಹೊಡೆತದ ವಿಡಿಯೋ ವಿಷಯಕ್ಕೆ ಜಗಳ ಆಡಲು ಬಂದಿದ್ದಾಳೆ ಎಂದುಕೊಂಡೆ. ನಾನು ಕಳಿಸಿಲ್ಲಮ್ಮ, ಯಾರೋ ಕಳಿಸಿರಬೇಕು ಎನ್ನುವ ಮಾತು ನಾಲಗೆಯ ಮೇಲೆ ಸಿದ್ಧವಾಗೇ ಇತ್ತು. ಅವಳು ಜಗಳ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆವತ್ತು ಏನಾಯಿತು ಎನ್ನುವ ಮೊದಲು ಗೋದಾಮಿನ ಮುಂದಿನ ಪದ್ಧತಿ ಹೇಳಬೇಕು. ಬೆಳಿಗ್ಗೆ ಏಳಕ್ಕೆ ಕಿಟಕಿಯಲ್ಲಿ ಟೋಕನ್ ಕೊಡುತ್ತಾರೆ. ಎರಡು ಬೆರಳಗಲದ ಚೀಟಿ, ಅದರ ಮೇಲೊಂದು ನಂಬರು, ಒಂದು ಸೀಲು, ಅಷ್ಟೆ. ಹೆಸರು ಗಿಸರು ಇರುವುದಿಲ್ಲ. ಟೋಕನ್ ಸಿಕ್ಕವರು ಚಪ್ಪಲಿಯನ್ನು ಸಾಲಿನಲ್ಲಿ ಬಿಟ್ಟು ಹೊಂಗೆ ಮರದ ನೆರಳಿಗೆ ಹೋಗಿ ಕೂರುತ್ತಾರೆ. ಚಪ್ಪಲಿ ಇದ್ದರೆ ಮನುಷ್ಯ ಇದ್ದ ಲೆಕ್ಕ. ಸಾಲು ಮುಂದೆ ಸರಿದಾಗ ಹಿಂದಿನವರು ಆ ಚಪ್ಪಲಿಯನ್ನೂ ಕಾಲಿನಲ್ಲಿ ಮುಂದಕ್ಕೆ ನೂಕುತ್ತಾರೆ. ಇದರಲ್ಲಿ ಯಾರೂ ಮೋಸ ಮಾಡಿದ್ದು ನಾನು ಕಂಡಿಲ್ಲ. ಇನ್ನು ಟೋಕನ್ ನಂಬರನ್ನು ಪಹಣಿಯ ಜೆರಾಕ್ಸ್ ಮೇಲೆ ಬರೆದಿರಬೇಕು, ಇಲ್ಲದಿದ್ದರೆ ಗುಮಾಸ್ತ ವಾಪಸು ಕಳಿಸುತ್ತಾನೆ. ಅರ್ಧಕ್ಕರ್ಧ ಜನ ಕನ್ನಡಕ ಮರೆತು ಬಂದಿರುತ್ತಾರೆ. ಅವರಿಗೆ ನಾನೇ ಬರೆದು ಕೊಡುತ್ತೇನೆ, ಕೆಂಪು ಪೆನ್ನಿನಲ್ಲಿ. ಕಪ್ಪು ಜೆರಾಕ್ಸಿನ ಮೇಲೆ ಕೆಂಪು ಬೇಗ ಕಾಣುತ್ತದೆ.

ಆವತ್ತು ಹನ್ನೊಂದರ ಹೊತ್ತಿಗೆ ಒಬ್ಬಳು ಅಜ್ಜಿ, ಚಪ್ಪಲಿಯ ಪಕ್ಕ ಕಲ್ಲಿನಡಿ ಇಟ್ಟಿದ್ದ ತನ್ನ ಟೋಕನ್ ಕಾಣುತ್ತಿಲ್ಲ ಎಂದು ಬಾಯಿ ಬಡಿದುಕೊಂಡಳು. ಅಲ್ಲೇ ಬಗ್ಗಿ ತನ್ನ ಚಪ್ಪಲಿ ಸರಿಮಾಡುತ್ತಿದ್ದ ಒಬ್ಬನ ಕೈಯಲ್ಲಿ ಟೋಕನ್ ಇತ್ತು. ಅವನ ಮಾತಿನಲ್ಲಿ ತೆಲುಗು ಜಾಸ್ತಿ. ಇಷ್ಟು ಸಾಕಾಯಿತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ಸರಿಯಾಗಿ ಮೆಷಿನ್ನಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು, ನಾನು ರಸ್ತೆಗೆ ಬೆನ್ನು ಹಾಕಿ ಅದನ್ನು ಎಳೆಯುತ್ತಿದ್ದೆ. ಗದ್ದಲ ಕೇಳಿ ತಿರುಗಿದರೆ ಬರೀ ಬೆನ್ನುಗಳು. ಗುಂಪು ಚದುರಿದಾಗ ಒಬ್ಬ ಮನುಷ್ಯ ಟವೆಲ್ಲಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬರಿಗಾಲಲ್ಲಿ ಬಸ್‌ಸ್ಟ್ಯಾಂಡ್ ಕಡೆ ಹೋಗುವುದು ಕಂಡಿತು.

ನಿಜ ಹೇಳಿಬಿಡುತ್ತೇನೆ. ನನಗೆ ಮೊದಲು ಅನ್ನಿಸಿದ್ದು ಪಾಪ ಎಂದಲ್ಲ. ಛೆ, ನೋಡಲಿಲ್ಲವಲ್ಲ ಎಂದು.

ನೋಡಲು ದಾರಿ ಇತ್ತು. ಅಂಗಡಿಯ ಒಳಗೋಡೆಗೆ ಕ್ಯಾಮೆರಾ ಹಾಕಿಸಿದ್ದೇನೆ. ಅದಕ್ಕೆ ನನ್ನ ಬೆನ್ನು, ಕೌಂಟರು, ಅದರಾಚೆ ರಸ್ತೆ, ಗೋದಾಮಿನ ಜಗಲಿ ಎಲ್ಲ ಕಾಣುತ್ತದೆ. ಜೆರಾಕ್ಸಿಗೆ ನಿಂತಿದ್ದ ನಾಲ್ಕೈದು ಜನ “ಅಕ್ಕಾ, ಹಿಂದಕ್ಕೆ ಹಾಕಿ ನೋಡಾಣ” ಎಂದರು. ಹಾಕಿದೆ. ಕೈಗಳು ಮೇಲೇಳುವ ಜಾಗಕ್ಕೆ ಸರಿಯಾಗಿ ನಿಲ್ಲಿಸಿ ಅಲ್ಲಿಂದ ಓಡಿಸಿದೆ. ಒಬ್ಬ ಹುಡುಗ ಹೆಲ್ಮೆಟ್ಟು ಬೀಸುತ್ತಾನೆ, ಅದು ಕೆನ್ನೆಗೆ ಬೀಳುತ್ತದೆ, ಆ ಮನುಷ್ಯ ಗೋದಾಮಿನ ಮೆಟ್ಟಿಲ ಮೇಲೆ ಕುಸಿಯುತ್ತಾನೆ, ಇನ್ನಿಬ್ಬರು ಒದೆಯಲು ಕಾಲು ಎತ್ತುತ್ತಾರೆ. ಒಟ್ಟು ಇಪ್ಪತ್ತು ಸೆಕೆಂಡು. ಇನ್ನೊಬ್ಬರು ಬಂದರು, ಅವರಿಗೂ ಹಾಕಿದೆ. ಮೂರನೇ ಸಲ ಹಾಕುವಾಗ ನನ್ನ ಮೊಬೈಲನ್ನು ಮಾನಿಟರಿಗೆ ಹಿಡಿದು ರೆಕಾರ್ಡ್ ಮಾಡಿಕೊಂಡೆ. ಕ್ಯಾಮೆರಾಕ್ಕೆ ಧ್ವನಿ ಇಲ್ಲ, ಮೊಬೈಲಿಗಿದೆ. ಹಾಗಾಗಿ ಮೊಬೈಲಿನ ವಿಡಿಯೋದಲ್ಲಿ ಫ್ಯಾನಿನ ಸದ್ದೂ, ಪಕ್ಕದವರಿಗೆ ನಾನು ಹೇಳಿದ ಮಾತೂ ಸೇರಿಕೊಂಡವು: “ಈಗ ಬೀಳುತ್ತೆ ನೋಡಿ.”

ಅದನ್ನು ನಮ್ಮ ಅಕ್ಕತಂಗಿಯರ ಗ್ರೂಪಿಗೆ ಕಳಿಸಿದೆ. ಶಿರಾದಲ್ಲಿರುವ ದೊಡ್ಡಕ್ಕ “ಅಯ್ಯೋ ಶಿವನೇ, ಯಾಕೇ ಕಳಿಸ್ತೀಯಾ ಇಂಥವೆಲ್ಲ” ಎಂದಳು. ಎರಡು ನಿಮಿಷ ಬಿಟ್ಟು ಅವಳೇ ಮತ್ತೆ ಕೇಳಿದಳು: “ಆಮೇಲೇನಾಯ್ತು? ಮುಂದಿಂದು ಇಲ್ವಾ?”

ಈ ದೊಡ್ಡಕ್ಕನೂ ನಾನೂ ಶಿರಾದಲ್ಲಿ ಒಂದೇ ಶಾಲೆಗೆ ಹೋಗುತ್ತಿದ್ದೆವು. ದಾರಿಯಲ್ಲಿ ಮಟನ್ ಅಂಗಡಿಗಳ ಸಾಲು ಸಿಗುತ್ತಿತ್ತು. ನಮ್ಮದು ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆ. ನಮ್ಮ ಅಜ್ಜಿ ಶಾಲೆಗೆ ಬಿಡಲು ಬಂದಾಗ ಅಲ್ಲಿ ನಮ್ಮಿಬ್ಬರ ಕಣ್ಣಿಗೆ ತನ್ನ ಎರಡು ಕೈ ಮುಚ್ಚಿ, ತಾನು ಮಾತ್ರ ನೇರ ನೋಡಿಕೊಂಡು ನಮ್ಮನ್ನು ದಾಟಿಸುತ್ತಿದ್ದಳು. ಅಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದಳಂತೆ, ನಾನು ಬೆರಳ ಸಂದಿಯಲ್ಲಿ ನೋಡುತ್ತಿದ್ದೆ. ನೋಡಿದ ದಿನ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿರಲಿಲ್ಲ, ಮಾರನೆಯ ದಿನ ಮತ್ತೆ ನೋಡುತ್ತಿದ್ದೆ. ಇವತ್ತಿಗೂ ನಾನು ಆ ಬೀದಿಯಲ್ಲಿ ಹೋದರೆ ಸೆರಗು ಮೂಗಿಗೆ ಹಿಡಿಯುವವಳೇ. ಹೀಗಿದ್ದೂ ಮೊಬೈಲಿನಲ್ಲಿ ಯಾರದೋ ತಲೆ ಒಡೆಯುವುದನ್ನು ಅನ್ನ ಬೇಯುವ ತನಕ ನಿಂತು ನೋಡುತ್ತೇನೆ. ಎರಡೂ ನಾನೇ.

ವಿಡಿಯೋ ನಾಲ್ಕು ದಿನಕ್ಕೆ ಊರೆಲ್ಲ ಸುತ್ತಿ ನನಗೇ ವಾಪಸು ಬಂತು. ಚನ್ನರಾಯನದುರ್ಗದಲ್ಲಿರುವ ಸೋದರತ್ತೆಯ ಮಗ “ನಿಮ್ಮೂರಿಂದಂತೆ ನೋಡಕ್ಕ” ಎಂದು ಕಳಿಸಿದ್ದ. ನನ್ನ ಮಾತು ಅಳಿಸಿ ಯಾವುದೋ ಸಂಗೀತ ಹಾಕಿದ್ದರು. ಮೇಲೆ ‘ಕಳ್ಳನಿಗೆ ಬಿತ್ತು ಧರ್ಮದೇಟು’ ಎಂದಿತ್ತು. ಮಾನಿಟರಿನ ಗಾಜಿನ ಮೇಲೆ ನಮ್ಮ ಫ್ಯಾನಿನ ನೆರಳು ತಿರುಗುತ್ತಿದ್ದುದರಿಂದ ಅದು ನನ್ನದೇ ಎಂದು ಗೊತ್ತಾಯಿತು. ಹೆದರಿಕೆ ಆಗಬೇಕಿತ್ತು. ಹೆಮ್ಮೆಯಾಯಿತು. ಕೆಳಗೆ ಜನ ಬರೆದದ್ದನ್ನೆಲ್ಲ ಕೂತು ಓದಿದೆ. ಒಬ್ಬ, ‘ಪೇಪರ್ ಮೇಲೆ ರಕ್ತ ನೋಡ್ರೋ’ ಎಂದು ಬರೆದಿದ್ದ. ಅದನ್ನು ಓದಿ ಮತ್ತೊಂದು ಸಲ ಹಾಕಿ ನೋಡಿದೆ. ಹೌದು, ಬೀಳುವವನ ಕೈಯಲ್ಲಿ ಬಿಳಿ ಕಾಗದ, ಅದರ ತುದಿಯಲ್ಲಿ ಕೆಂಪು.

ನಮ್ಮ ಮನೆಯವರು “ಅಳಿಸಿ ಹಾಕೇ, ಯಾರ್ದೋ ಶಾಪ ನಮಗ್ಯಾಕೆ” ಎಂದರು. ಅಳಿಸಿದೆ ಎಂದೆ. ಅಳಿಸಿದ್ದು ಗ್ರೂಪಿನಲ್ಲಿ ಮಾತ್ರ. ನೋಡಿದಾಗಲೆಲ್ಲ ಖುಷಿಯೇನೂ ಆಗುತ್ತಿರಲಿಲ್ಲ. ನೋಯುವ ಹಲ್ಲನ್ನು ನಾಲಗೆ ಬೇಡವೆಂದರೂ ಮುಟ್ಟಿ ಮುಟ್ಟಿ ನೋಡುತ್ತದಲ್ಲ, ಹಾಗೆ.

ಇನ್ನೊಂದು ಇದೆ, ಅದಂತೂ ನನಗೆ ಈವರೆಗೂ ಬಗೆಹರಿದಿಲ್ಲ. ಆ ಮನುಷ್ಯ ಬರಿಗಾಲಲ್ಲಿ ಹೋದನಲ್ಲ, ಅವನ ಚಪ್ಪಲಿ ಸಾಲಿನಲ್ಲೇ ಉಳಿದಿತ್ತು. ಸಾಲು ಸರಿದಂತೆಲ್ಲ ಅದೇ ಜನ, ಅವನಿಗೆ ಕಾಲೆತ್ತಿದ ಜನವೂ ಸೇರಿ, ಆ ಚಪ್ಪಲಿಯನ್ನು ಕಾಲಿನಲ್ಲಿ ಮುಂದಕ್ಕೆ ನೂಕಿದರು. ಮೂರು ಗಂಟೆಗೆ ಚಪ್ಪಲಿ ಕಿಟಕಿಯ ಮುಂದೆ ಬಂದು ನಿಂತಿತು. ಗುಮಾಸ್ತ ಎರಡು ಸಲ “ಯಾರ್ರೀ ಇದು” ಎಂದು ಕೂಗಿದ. ಯಾರೂ ನಗಲಿಲ್ಲ. ಅವನ ಸರದಿಯನ್ನು ಕಾಪಾಡಿದವರೂ ಅವರೇ, ಅವನನ್ನು ಹೊಡೆದವರೂ ಅವರೇ. ಗೋದಾಮು ಮುಚ್ಚಿದ ಮೇಲೆ ನಾನು ಹೋಗಿ ಆ ಚಪ್ಪಲಿ ತಂದು ಮೆಷಿನ್ನಿನ ಮೇಜಿನಡಿ ಇಟ್ಟೆ.

ಈಗ ಅವನ ಹೆಂಡತಿ ನನ್ನ ಮುಂದೆ ನಿಂತಿದ್ದಳು. ಒಳಗೆ ಕರೆದು ಸ್ಟೂಲು ಕೊಟ್ಟೆ, ನೀರು ಕೊಟ್ಟೆ. ಅವಳು ನಿಧಾನಕ್ಕೆ ಹೇಳಿದಳು. ಅವಳದು ಪಾವಗಡ ರಸ್ತೆಯಲ್ಲಿ ಬರುವ ಒಂದು ಹಳ್ಳಿ.

“ನಮ್ಮಪ್ಪಂಗೆ ಗಂಡುಮಕ್ಳಿಲ್ಲ ಅಕ್ಕಾ. ಪಾವಗಡದತ್ಲಿಂದ ಇವ್ರನ್ನ ಮನೆ ಅಳಿಯ ಮಾಡ್ಕೊಂಡ್ರು. ಹದಿನೇಳು ವರ್ಷ ಹೊಲ ಗೇದವ್ರೆ. ಯಾವತ್ತೂ ಯಾರೂ ಒಂದು ಮಾತು ಅಂದಿರ್ಲಿಲ್ಲ. ಈ ವಿಡಿಯೋ ಬಂದ್ಮೇಲೆ ಊರೋರೆಲ್ಲ ಯಾವೂರೋನೋ ಬಂದು ಮನೆ ಮರ್ಯಾದೆ ತೆಗೆದ ಅಂತಾರೆ. ನಮ್ಮಪ್ಪ ಇವ್ರ ಕೂಡೆ ಮಾತು ಬುಟ್ರು. ಇವ್ರು ಅವ್ರಮ್ಮನ ಮನೆಗೆ ಹೋದೋರು ಬಂದೇ ಇಲ್ಲ.”

“ಫೋನ್ ಮಾಡ್ಲಿಲ್ವಾ?” ಎಂದೆ.

“ಮಾಡಿದ್ರೆ ಎತ್ತಾರೆ. ಒಂದೇ ಮಾತು. ಬೆಳಿಗ್ಗೆ ಏಳೂವರೆಗೆ ಜೆರಾಕ್ಸ್ ಅಕ್ಕನೇ ನನ್ನ ಟೋಕನ್ ನೋಡಿ ಪಹಣಿ ಮೇಲೆ ನಂಬರ್ ಬರ್ಕೊಟ್ರು, ಹೋಗಿ ಕೇಳು ಅಂತಾರೆ. ಆ ಪೇಪರ್ ಗಲಾಟೇಲಿ ಎಲ್ಲೋ ಬಿದ್ದೋಯ್ತಂತೆ. ಅದೂ ಬಾಯಿಬುಟ್ಟಿದ್ದು ಮೊನ್ನೆ. ಅಜ್ಜಿ ಚೀಟಿ ಹೋಗಿದ್ದು ಹನ್ನೊಂದಕ್ಕೆ. ಏಳೂವರೆಗೇ ಇವ್ರ ಹತ್ರ ಟೋಕನ್ ಇದ್ರೆ, ಅದು ಇವ್ರದೇ ಅಲ್ವಾ ಅಕ್ಕಾ?”

ಅವರದೇ. ಅದರಲ್ಲಿ ಅನುಮಾನವೇ ಇಲ್ಲ. ನಾನು ಬರೆದಿದ್ದರೆ.

“ನಿಮಗೆ ಅವ್ರ ಮುಖ ನೆನಪೈತಾ?”

ಸಿಟ್ಟು ಬಂತೆಂದೆನಲ್ಲ, ಬಂದದ್ದು ಈ ಮಾತಿಗೆ. ಆವತ್ತು ಬೆಳಿಗ್ಗೆ ಎಷ್ಟು ಜನಕ್ಕೆ ಬರೆದೆನೋ. ಆದರೆ ಸಿಟ್ಟಿನ ಕಾರಣ ಅದಲ್ಲ. ಮುಖ ನನಗೆ ಚೆನ್ನಾಗಿ ನೆನಪಿತ್ತು. ಅವಳಷ್ಟೇ ಚೆನ್ನಾಗಿ ನೆನಪಿತ್ತು ಎಂದರೂ ಸುಳ್ಳಲ್ಲ. ಹೆಲ್ಮೆಟ್ಟು ಬೀಳುವಾಗ ಕಣ್ಣು ಹೇಗೆ ಮುಚ್ಚಿಕೊಳ್ಳುತ್ತದೆ, ಬಾಯಿ ಯಾವ ಕಡೆಗೆ ಸೊಟ್ಟಗಾಗುತ್ತದೆ, ಎಲ್ಲ ಗೊತ್ತು. ಆ ಮುಖವನ್ನು ಬೆಳಗಿನ ಏಳೂವರೆಯ ನನ್ನ ಕೌಂಟರಿನ ಮುಂದೆ ತಂದು ನಿಲ್ಲಿಸಲು ನೋಡಿದೆ. ತಂದು ನಿಲ್ಲಿಸಿದ ಕೂಡಲೇ ಪಕ್ಕದಿಂದ ಹೆಲ್ಮೆಟ್ಟು ಬಂದುಬಿಡುತ್ತಿತ್ತು. ಐವತ್ತು ಸಲ ನೋಡಿದ್ದರಿಂದ ಒಂದು ಸಲ ನಿಜವಾಗಿ ನೋಡಿದ್ದು ಅಳಿಸಿಹೋಗಿತ್ತೋ, ಅಥವಾ ನಾನು ಅವರನ್ನು ನೋಡೇ ಇರಲಿಲ್ಲವೋ.

“ನಿಮ್ ಕ್ಯಾಮ್ರಾದಾಗೆ ಇರುತ್ತಲ್ಲಕ್ಕಾ,” ಎಂದಳು. “ಹೊಡೆದಿದ್ದು ಬ್ಯಾಡ. ಅದಕ್ಕೂ ಮುಂಚಿಂದು.”

ಅಷ್ಟು ಜನ ಆ ವಿಡಿಯೋ ನೋಡಿದ್ದರು. ಆಮೇಲೇನಾಯಿತು ಎಂದು ಕೇಳಿದವರು ಬೇಕಾದಷ್ಟಿದ್ದರು. ಮುಂಚಿನದು ಕೇಳಿದವಳು ಇವಳೊಬ್ಬಳೇ.

ಕ್ಯಾಮೆರಾದ ಪೆಟ್ಟಿಗೆಯಲ್ಲಿ ಹದಿನೈದು ದಿನದ್ದು ಮಾತ್ರ ಇರುತ್ತದೆ. ಹದಿನಾರನೇ ದಿನಕ್ಕೆ ಹಳೆಯದರ ಮೇಲೆ ಹೊಸದು ಬರುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ಅವಳ ಮುಂದೆ ಮೌಸ್ ಹಿಡಿದು ಹುಡುಕಿದಂತೆ ಮಾಡಿದೆ. ಆವತ್ತಿನ ತಾರೀಖು ಒತ್ತಿದರೆ ಪರದೆ ಕಪ್ಪಗೆ ಉಳಿಯಿತು. ಅವಳು ಪರದೆಯನ್ನೇ ನೋಡುತ್ತಿದ್ದಳು. ನಾನು ಅದೇ ದಿನ ಸಂಜೆ ಬೆಳಗಿನದ್ದನ್ನೂ ಒಂದು ಕಡೆ ಉಳಿಸಿಕೊಂಡಿದ್ದರೆ ಎರಡು ನಿಮಿಷದ ಕೆಲಸ. ಉಳಿಸಿಕೊಂಡದ್ದು ಇಪ್ಪತ್ತು ಸೆಕೆಂಡು.

“ಇಲ್ಲಮ್ಮ,” ಎಂದೆ. “ಇರೋದು ಅದೊಂದೇ.”

“ಅದನ್ನೇ ತೋರ್ಸಿ. ನಾನಿನ್ನೂ ನೋಡಿಲ್ಲ.”

ಊರೆಲ್ಲ ನೋಡಿದ್ದನ್ನು ಅವಳು ನೋಡಿರಲಿಲ್ಲ. ನನ್ನ ಮೊಬೈಲಿನಲ್ಲಿ ಸದ್ದು ಪೂರ್ತಿ ತಗ್ಗಿಸಿ ಕೊಟ್ಟೆ. ಅವಳು ಅಳಲಿಲ್ಲ, ರೆಪ್ಪೆ ಹೊಡೆಯಲಿಲ್ಲ. ನಾವೆಲ್ಲ ನೋಡುವ ಜಾಗವನ್ನು ಅವಳು ನೋಡುತ್ತಲೇ ಇಲ್ಲ ಎಂದು ನನಗೆ ತಡವಾಗಿ ಹೊಳೆಯಿತು. ಅವಳ ಕಣ್ಣು ಗಂಡನ ಕೈಯ ಮೇಲಿತ್ತು.

“ನಿಲ್ಸಿ ಅಕ್ಕಾ. ಆ ಪೇಪರ್ ಮ್ಯಾಲೆ ಕೆಂಪಗೈತಲ್ಲ, ಏನದು?”

ರಕ್ತ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಕೌಂಟರಿನ ಮೇಲೆ ನನ್ನ ಕೆಂಪು ಪೆನ್ನು ಬಿದ್ದಿತ್ತು. ಕಾಗದದ ಬಲ ಮೂಲೆ, ಮೇಲುಗಡೆ. ನಾನು ನಂಬರು ಬರೆಯುವ ಜಾಗವೇ ಅದು. ಬೆರಳಿಂದ ಹಿಗ್ಗಿಸಿ ನೋಡಿದೆವು, ಹಿಗ್ಗಿಸಿದಷ್ಟೂ ಚೌಕ ಚೌಕವಾಗಿ ಒಡೆದುಹೋಯಿತು. ಅಂಕಿಯಂತೆಯೂ ಕಾಣುತ್ತದೆ, ಒರೆಸಿದ ಕಲೆಯಂತೆಯೂ ಕಾಣುತ್ತದೆ. ಇಷ್ಟು ದಿನ ರಕ್ತ ಎಂದು ನೋಡಿ ನೋಡಿ ಮೈ ಜುಮ್ಮೆನಿಸಿಕೊಂಡದ್ದು ನನ್ನದೇ ಕೈಬರಹವೇ?

“ನಮ್ಮೂರಿಗೆ ಬಂದು ನಮ್ಮಪ್ಪಂಗೆ ಒಂದ್ ಮಾತು ಹೇಳ್ತೀರಾ?” ಎಂದಳು. ಬರುತ್ತೇನೆ ಎಂದೆ. ಈ ವಿಡಿಯೋ ತೆಗೆದವರು ಯಾರು ಎಂದು ಅವಳು ಕೇಳಲಿಲ್ಲ. ಗೊತ್ತಿದ್ದೇ ಕೇಳಲಿಲ್ಲವೋ ಏನೋ. ಮೇಜಿನಡಿಯ ಚಪ್ಪಲಿ ಅವಳ ಕಣ್ಣಿಗೆ ಬೀಳದಂತೆ ನಾನು ಸೀರೆ ಸರಿಮಾಡಿಕೊಂಡು ನಿಂತೆ. ಈಗಲೇ ಕೊಟ್ಟರೆ ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದಿರಿ ಎಂದಾಳು ಎಂಬ ಅಂಜಿಕೆ.

ಭಾನುವಾರ ಅಂಗಡಿ ಮುಚ್ಚಿ ಪಾವಗಡದ ಬಸ್ಸು ಹತ್ತಿದೆ. ಚಪ್ಪಲಿಯನ್ನು ಒಂದು ಕವರಿನಲ್ಲಿ ಹಾಕಿಕೊಂಡಿದ್ದೆ. ದಾರಿಯುದ್ದಕ್ಕೂ ಏನು ಹೇಳುವುದೆಂದು ತಿಳಿಯದೆ ಕೂತಿದ್ದೆ. ಬರೆದಿದ್ದೇನೆ ಎಂದರೆ ಸುಳ್ಳಾದೀತು. ನೆನಪಿಲ್ಲ ಎಂದರೆ ಅದು ನಿಜ, ಆದರೆ ಅಷ್ಟು ಹೇಳಲು ಬಸ್ಸು ಹತ್ತಿ ಹೋಗಬೇಕೇ?

ಅವಳು ಬಸ್ಸಿಳಿಯುವ ಕಡೆಯೇ ಕಾದಿದ್ದಳು. ಕವರು ಅವಳ ಕೈಗೆ ಕೊಟ್ಟೆ. ಬಿಚ್ಚಿ ನೋಡಿ ಚಪ್ಪಲಿಯನ್ನು ಹೊರಗೆ ತೆಗೆದು ಕೈಯಲ್ಲೇ ಹಿಡಿದುಕೊಂಡು ನಡೆದಳು.

ಮನೆಯ ಜಗಲಿಯ ಮೇಲೆ ಅವಳ ಅಪ್ಪ ಕೂತಿದ್ದರು. ಸುತ್ತ ಏಳೆಂಟು ಜನ ಊರವರು. ನನಗೆ ಚಾಪೆ ಹಾಕಿದರು, ಕಾಫಿ ಕೊಟ್ಟರು. ಇನ್ನು ತಡ ಮಾಡಿದರೆ ಬಾಯಿ ಬರುವುದಿಲ್ಲ ಎನ್ನಿಸಿ ಒಂದೇ ಉಸಿರಿಗೆ ಹೇಳಿಬಿಟ್ಟೆ: “ಯಜಮಾನ್ರೇ, ನಿಮ್ಮ ಅಳಿಯಂದ್ರಿಗೆ ಪಹಣಿ ಮೇಲೆ ನಂಬರ್ ಬರ್ಕೊಟ್ಟೋಳು ನಾನು. ಬೆಳಿಗ್ಗೆ ಏಳೂವರೆಗೆ. ಕೆಂಪು ಪೆನ್ನಲ್ಲಿ. ಟೋಕನ್ ಅವರದೇ.”

ಹೇಳುತ್ತಾ ಹೇಳುತ್ತಾ ನನಗೆ ಒಂದು ಕೈ ಕಾಣಿಸಿತು, ಕೌಂಟರಿನ ಮೇಲೆ ಪಹಣಿಯನ್ನು ನನ್ನ ಕಡೆ ತಿರುಗಿಸಿ ಇಡುವ ಕೈ, ಉಗುರಲ್ಲಿ ಕೆಮ್ಮಣ್ಣು. ನೆನಪೋ, ಹೇಳಿದ್ದಕ್ಕೆ ಹುಟ್ಟಿಕೊಂಡದ್ದೋ, ಈಗ ಕೇಳಿದರೂ ಹೇಳಲಾರೆ. ಆ ಕೈ ಅವರದು ಎಂದು ನಂಬಲು ನನಗೆ ತುಂಬ ಆಸೆಯಾಯಿತು.

ಜಗಲಿಯಲ್ಲಿ ಒಬ್ಬ, “ಬಾಯಲ್ಲಿ ಏಳ್ತೀಯ, ಸರಿ ಕಣಮ್ಮ. ಅದ್ರ ವಿಡಿಯೋ ಐತಾ?” ಎಂದ.

“ಹೊಡೆದಿದ್ದು ಮಾತ್ರ ಇದೆ. ಅದ್ರಲ್ಲೇ ಆ ಕೆಂಪು ನಂಬರು ಕಾಣುತ್ತೆ,” ಎಂದು ಮೊಬೈಲು ತೆಗೆದೆ. ಎಲ್ಲರೂ ಚಾಪೆಯ ಹತ್ತಿರ ಸರಿದು ಬಂದರು. ಸದ್ದು ತಗ್ಗಿಸಿಯೇ ಇಟ್ಟಿದ್ದೆ. ಅವಳ ಅಪ್ಪ ಮುದುಕರು, ಕಿವಿ ಮಂದ. “ಏನೂ ಕೇಳಾಕಿಲ್ಲ, ಜೋರು ಮಾಡವ್ವ,” ಎಂದರು. ಇದರಲ್ಲಿ ಸದ್ದು ಇಲ್ಲ ಎಂದುಬಿಡಬಹುದಿತ್ತು. ಅಷ್ಟರಲ್ಲಿ ನನ್ನ ಪಕ್ಕ ಕೂತವನೊಬ್ಬ ಕೈ ಚಾಚಿ ಗುಂಡಿ ಒತ್ತಿ ಜೋರು ಮಾಡಿಯೇಬಿಟ್ಟ.

ಫ್ಯಾನಿನ ಸದ್ದು ಬಂತು. ಆಮೇಲೆ ಆ ಜಗಲಿಗೆಲ್ಲ ಕೇಳುವಂತೆ ನನ್ನ ದನಿ, ಸಂತೋಷದಲ್ಲಿದ್ದ ದನಿ: “ಈಗ ಬೀಳುತ್ತೆ ನೋಡಿ.”

ಬಿತ್ತು. ನಾನು ತಲೆ ಎತ್ತಲಿಲ್ಲ. ಯಾರಾದರೂ ನೀನೇನಾ ತೆಗೆದವಳು ಎಂದು ಕೇಳುತ್ತಾರೆ ಎಂದು ಕಾದೆ. ಯಾರೂ ಕೇಳಲಿಲ್ಲ. ಅವರು ನೋಡುತ್ತಿದ್ದರು. “ಅಬ್ಬಾ,” ಎಂದ ಒಬ್ಬ. ಕೆಂಪು ಕಾಣಿಸಿತಾ ಎಂದು ಕೇಳಿದೆ. ಮುದುಕರು ಮಗಳ ಕಡೆ ನೋಡದೆ ಹೇಳಿದರು:

“ಬರ್ಲಿ ಬುಡು. ಬರ್ಬ್ಯಾಡ ಅಂತ ಯಾರಂದೋರು?”

ಅಷ್ಟೇ. ಅವಳು ಮೂರು ವಾರದಿಂದ ಕಾದದ್ದು ಆ ಮಾತಿಗೆ. ತಲೆಬಾಗಿಲಲ್ಲಿ ಗಂಡನ ಚಪ್ಪಲಿ ಹಿಡಿದು ನಿಂತಿದ್ದವಳು ಅದನ್ನು ಬಗ್ಗಿ ಹೊಸ್ತಿಲ ಪಕ್ಕ ಜೋಡಿಸಿಟ್ಟಳು. ಮೊಬೈಲನ್ನು ಚೀಲಕ್ಕೆ ಹಾಕಲು ಹೋದೆ.

“ತಡಿ ತಡಿ,” ಎಂದರು ಮುದುಕರು. “ಏಟು ಎಲ್ಲಿಗೆ ಬಿತ್ತು, ಸರ್ಯಾಗಿ ಕಾಣ್ಲಿಲ್ಲ. ಇನ್ನೊಂದ್ ಸಲ ಆಕವ್ವ.”

ಉಳಿದವರು ಇನ್ನೂ ಹತ್ತಿರ ಸರಿದರು. ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಾ, ಬೇಡ ಎಂಬಂತೆ ತಲೆ ಆಡಿಸುತ್ತಿದ್ದಳು. ಬೇಡ, ನಿಜ, ಇನ್ನು ಬೇಡ ಎಂದುಕೊಂಡೆ. ಅಷ್ಟರಲ್ಲಿ ನನ್ನ ಹೆಬ್ಬೆರಳು ಒತ್ತಿಯಾಗಿತ್ತು, ಫ್ಯಾನಿನ ಸದ್ದು ಮತ್ತೆ ಶುರುವಾಗಿತ್ತು.